ಮನಸ್ಸಿನ ಮದ್ದಿಗೆ ಪಂಚಾಯಿತಿ ಠರಾವು

ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಏನಾದರೊಂದು ತಮಾಷೆ ಆಗದೆ ವಾರ ಕಳೆಯುವುದಿಲ್ಲ. ನಾನು ಅಲ್ಲಿ ನೀರು ಬಿಡುವವ. ಹೆಂಡತಿ ಹೋದ ಮೇಲೆ ನನಗೆ ಮಾತು ನಿಂತಿತ್ತು. ಅನ್ನ ಸೇರುತ್ತಿರಲಿಲ್ಲ. ಹೀಗೇ ಬಿಟ್ಟರೆ ಇವನೂ ಹೋಗುತ್ತಾನೆ ಅಂತ ನಮ್ಮ ಅಧ್ಯಕ್ಷೆಗೆ ಹೆದರಿಕೆ. ಹೆದರಿ ಸುಮ್ಮನೆ ಕೂರುವ ಹೆಂಗಸಲ್ಲ ಅವರು.

೧. ಅಣಬೆ

ಗ್ರಾಮಸಭೆಯಲ್ಲಿ ಒಬ್ಬರು ಎದ್ದು ನಿಂತರು. ಬೆಂಗಳೂರಿನಿಂದ ಬಂದು ಇಲ್ಲಿ ಹೋಂಸ್ಟೇ ಮಾಡಿದವರು. ಅಮೆರಿಕದಲ್ಲಿ ಕೆಲವು ಊರಿನ ಆಡಳಿತದವರು ಅಮಲಿನ ಅಣಬೆ ಇಟ್ಟುಕೊಂಡವರನ್ನು ಹಿಡಿಯಬಾರದು ಅಂತ ಠರಾವು ಮಾಡಿದ್ದಾರಂತೆ. ಮನಸ್ಸಿನ ಕಾಯಿಲೆಗೆ ಅದು ಆಗುತ್ತದಾ ಅಂತ ಡಾಕ್ಟರುಗಳು ನೋಡುತ್ತಿದ್ದಾರಂತೆ. ನಾವೂ ಠರಾವು ಮಾಡಬೇಕಂತೆ. "ದುಃಖದಲ್ಲಿ ಇರುವವರಿಗೆ ಒಳ್ಳೆಯದು," ಅಂದರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು.

ಆದರೆ ಅಣಬೆ ಅಂದ ಮೇಲೆ ನಮ್ಮವರಿಗೆ ಬೇರೆ ಎಂತದೂ ಕೇಳುವುದಿಲ್ಲ. ಅಣಬೆ ಏಳುವ ಜಾಗ ಸ್ವಂತ ತಮ್ಮನಿಗೂ ಹೇಳದ ಜನ.

"ಸಾರಿಗಾ, ಪಲ್ಯಕ್ಕಾ?"

"ಅಕ್ಕಿರೊಟ್ಟಿಗೆ ಆಗ್ತದಾ?"

"ಎಲ್ಲಿ ಏಳ್ತದೆ ಹೇಳಿ ಮಾರಾಯ್ರೆ, ಠರಾವು ಆಮೇಲೆ."

"ಅಯ್ಯೋ, ಈಗ ಅದನ್ನು ಇಟ್ಟುಕೊಂಡರೆ ಜೈಲು!" ಅಂದರು ಅವರು.

ಹಿಂದಿನ ಬೆಂಚಿನ ಅಜ್ಜನಿಗೆ ಸಿಟ್ಟು ಬಂತು. "ನಮಗೆ ಕೊಡಗಿನವರಿಗೆ ಕೋವಿಗೇ ಲೈಸೆನ್ಸ್ ಬೇಡ. ಅಣಬೆಗೆ ಬೇಕಾ?"

೨. ಪಾಯಸ

ಅಧ್ಯಕ್ಷೆ ನಗಲಿಲ್ಲ. "ಆ ಕಾನೂನು ಬದಲಿಸುವುದು ನಮ್ಮ ಕೈಯಲ್ಲಿಲ್ಲ ಸಾರ್. ಆದರೆ ದುಃಖದಲ್ಲಿ ಇರುವವರಿಗೆ ಪಂಚಾಯಿತಿ ಎಂತ ಮಾಡಿದೆ ಅಂತ ನೀವೊಬ್ಬರೇ ಕೇಳಿದ್ದು," ಅಂದರು. ಸಭೆಯಲ್ಲಿ ಸೋತವರನ್ನು ಅವರು ಊಟಕ್ಕೆ ಕರೆಯುತ್ತಾರೆ. ಅದು ಅವರ ಕ್ರಮ.

ಆ ದಿನ ಆಟಿ ತಿಂಗಳ ಹದಿನೆಂಟು, ಕಾಡಿನ ಮದ್ದುಸೊಪ್ಪಿಗೆ ಮದ್ದಿನ ಗುಣ ತುಂಬುವ ದಿನ. ಮನೆಮನೆಯಲ್ಲಿ ಅದರದೇ ಪಾಯಸ. ಹೋಂಸ್ಟೇಯವರು ಕೇಳಿ ಕೇಳಿ ಹಾಕಿಸಿಕೊಂಡರು. "ಗಿಡದಲ್ಲಿ ಎಲ್ಲ ಮದ್ದೂ ಉಂಟು ಮೇಡಂ. ಸರ್ಕಾರ ಅಡ್ಡ ಬರಬಾರದು."

ಅದನ್ನು ತಿಂದರೆ ಮೂತ್ರ ಕೆಂಪಗೆ ಹೋಗುತ್ತದೆ. ಇಲ್ಲಿ ಮಕ್ಕಳಿಗೂ ಗೊತ್ತು. ಹಾಗಾಗಿ ಹೇಳಬೇಕು ಅಂತ ಯಾರಿಗೂ ತೋಚಲಿಲ್ಲ.

ಬೆಳಿಗ್ಗೆ ಫೋನು. ಮಡಿಕೇರಿ ಆಸ್ಪತ್ರೆಯಿಂದ ಹೋಂಸ್ಟೇಯವರು, ರಕ್ತ ಹೋಗುತ್ತಿದೆ ಅಂತ. ಅಧ್ಯಕ್ಷೆ ಸಮಾಧಾನ ಮಾಡಿ ವಿಷಯ ಹೇಳಿದರು. ಆ ಕಡೆಯಿಂದ ಕಿರುಚಿದ್ದು ನನಗೂ ಕೇಳಿತು: "ಇಂಥ ಸೊಪ್ಪನ್ನು ಸರ್ಕಾರ ಹೇಗೆ ಬಿಟ್ಟಿದೆ ಮೇಡಂ?"

೩. ನಾಯಿ

ಅಧ್ಯಕ್ಷೆ ಓಡಾಡಿ ಮನಸ್ಸಿನ ಡಾಕ್ಟರನ್ನು ಪಂಚಾಯಿತಿಗೇ ಕರೆಸಿದರು. ತೋರಿಸಿಕೊಳ್ಳಲು ಊರಿನವರು ಒಬ್ಬರೂ ಬರಲಿಲ್ಲ. ಆ ಬಾಗಿಲು ಹೊಕ್ಕರೆ ಹುಚ್ಚು ಅಂತ ಸುದ್ದಿ. ನಾನೂ ಪಂಪ್ ಹೌಸಿನಲ್ಲಿ ಅಡಗಿದ್ದೆ. ಪಾಪ, ಡಾಕ್ಟರಮ್ಮ ಕಾಫಿ ಕುಡಿದು ಹೋದರು.

ಮುಂದಿನ ಸಲ ಅಧ್ಯಕ್ಷೆ ಅದೇ ದಿನ ನಾಯಿಗಳಿಗೆ ರೇಬಿಸ್ ಸೂಜಿಯನ್ನೂ ಇಟ್ಟರು. ಜಗಲಿಯಲ್ಲಿ ದನದ ಡಾಕ್ಟರು. ಒಳಗಿನ ಕೋಣೆಯಲ್ಲಿ ಮನಸ್ಸಿನವರು.

"ಯಾರು ಕೇಳಿದ್ರೂ ನಾಯಿಗೆ ಸೂಜಿ ಅಂತ ಹೇಳಿ ಅಣ್ಣ," ಅಂದರು ನನಗೆ.

"ನನ್ನತ್ರ ನಾಯಿ ಇಲ್ಲಲ್ಲ ಅಕ್ಕ."

"ನಮ್ಮದನ್ನು ಹಿಡ್ಕೊಂಡು ಬನ್ನಿ."

ಹೋದೆ. ನಾಯಿಗೆ ಸೂಜಿ ಆಯಿತು. ಕಂಬಕ್ಕೆ ಕಟ್ಟಿ ಒಳಗೆ ನುಗ್ಗಿದೆ. ಡಾಕ್ಟರಮ್ಮ ಕೇಳಿದರು, "ನಿಮ್ಮ ಹೆಂಡತಿ ಹೇಗಿದ್ದರು?"

ಹೇಗೆ ಸತ್ತಳು ಅಂತ ಎಲ್ಲರೂ ಕೇಳಿದ್ದರು. ಹೇಗಿದ್ದಳು ಅಂತ ಯಾರೂ ಕೇಳಿರಲಿಲ್ಲ. ಹೇಳಿದೆ. ಅವಳು ಮೀನು ಕೊಯ್ಯುವಾಗ ಬೆಕ್ಕಿಗೆ ಬೈಯುತ್ತಿದ್ದದ್ದು. ಬೈದು ಮೀನಿನ ತಲೆ ಅದಕ್ಕೇ ಹಾಕುತ್ತಿದ್ದದ್ದು. ಅತ್ತುಬಿಟ್ಟೆ. ಮತ್ತೆ ಹೇಳಿದೆ. ಹೊರಗೆ ಬರುವಾಗ ಹೊಟ್ಟೆ ಹಸಿದಿತ್ತು.

ನೋಡಿದರೆ ಕಂಬದಲ್ಲಿ ನಾಯಿ ಇಲ್ಲ. ನಮ್ಮ ಜೀಪು ಡ್ರೈವರ್ ಅದನ್ನು ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದ. ಅವನ ಹಿಂದಿನವನೂ ಅದೇ ಹಗ್ಗಕ್ಕೆ ಕೈ ಚಾಚಿದ್ದ.

ದನದ ಡಾಕ್ಟರು ಕನ್ನಡಕ ಏರಿಸಿದರು. "ಎಂತದಯ್ಯಾ ಇದು? ಈ ನಾಯಿಗೆ ಬೆಳಿಗ್ಗೆಯಿಂದ ಯಜಮಾನರು ಬದಲಾಗ್ತಾನೇ ಇದ್ದಾರೆ. ಇದಕ್ಕೆ ಸೂಜಿ ಹಾಕಿ ಆಯ್ತು!"

"ಗೊತ್ತು ಡಾಕ್ಟ್ರೇ," ಅಂದ ಡ್ರೈವರ್ ಮೆಲ್ಲಗೆ. "ಈಗ ಅದು ನನ್ನನ್ನು ತೋರಿಸ್ಲಿಕ್ಕೆ ಕರ್ಕೊಂಡು ಬಂದದ್ದು."