ಫ್ಯಾಮಿಲಿ ಬೀಚಿನಲ್ಲಿ ಒಬ್ಬ ಬ್ಯಾಚುಲರ್

ನನಗೆ ಮದುವೆಯಾಗಿ ಹನ್ನೊಂದು ವರ್ಷವಾಯಿತು. ಬ್ಯಾಚುಲರ್ ಆಗಿಯೂ ಹನ್ನೊಂದು ವರ್ಷವಾಯಿತು. ಎರಡೂ ಹೆಚ್ಚುಕಡಿಮೆ ಒಂದೇ ತಿಂಗಳಲ್ಲಿ ಶುರುವಾದವು. ಇದರಲ್ಲೇನೋ ಗುಟ್ಟಿದೆ ಎಂದು ನೀವು ಹುಬ್ಬೇರಿಸಬೇಕಾಗಿಲ್ಲ. ಸೌದಿಯಲ್ಲಿ ಬ್ಯಾಚುಲರ್ ಎಂದರೆ ಮದುವೆಯಾಗದವನಲ್ಲ, ಹೆಂಡತಿಯನ್ನು ಊರಿನಲ್ಲಿ ಬಿಟ್ಟು ಬಂದವನು. ನಮ್ಮ ರೂಮಿನ ಹಿರಿಯರಾದ ಹಮೀದ್ ಕಾಕನಿಗೆ ಐವತ್ತೆಂಟು ವರ್ಷ, ನಾಲ್ಕು ಮಕ್ಕಳು, ಇಬ್ಬರು ಮೊಮ್ಮಕ್ಕಳು. ಆದರೂ ಅವರು ಬ್ಯಾಚುಲರ್. ಎಸಿ ಮೆಕ್ಯಾನಿಕ್ ಕೆಲಸದ ಕಿನ್ನಿಗೋಳಿಯ ಸದಾನಂದನಿಗೆ ಇಬ್ಬರು ಮಕ್ಕಳು. ಅವನೂ ಬ್ಯಾಚುಲರ್. ಹಾಗೆಯೇ ಇಲ್ಲಿ ಫ್ಯಾಮಿಲಿ ಎಂದರೆ ಕುಟುಂಬವಲ್ಲ, ಹೆಂಡತಿ. "ನಿನ್ನ ಫ್ಯಾಮಿಲಿ ಬಂದ್ರಂತೆ ಮಾರಾಯ?" ಎಂದು ಯಾರಾದರೂ ಕೇಳಿದರೆ ಅತ್ತೆ, ಮಾವ, ಅತ್ತಿಗೆ, ನಾದಿನಿ ಎಂದು ಪಟ್ಟಿ ಕೊಡಲು ಹೋಗಬಾರದು.

ನಾನು ಬಿಡಿಭಾಗಗಳ ಗೋದಾಮಿನಲ್ಲಿ ಸ್ಟೋರ್‌ಕೀಪರ್. ಪ್ರತಿಯೊಂದು ನಟ್ಟು, ಬೋಲ್ಟು ಅದರದರ ಖಾನೆಯಲ್ಲಿರಬೇಕು ಎನ್ನುವುದು ನನ್ನ ರೋಗ. ಅದಕ್ಕೇ ಇರಬೇಕು, ಇಷ್ಟು ವರ್ಷ ನನ್ನನ್ನು ತಪ್ಪು ಖಾನೆಯಲ್ಲಿ ಇಟ್ಟಿದ್ದಾರೆ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಮೊದಲೆಲ್ಲ ಹೋಟೆಲಿಗೆ ಹೋದರೆ ನಮಗೊಂದು ಬಾಗಿಲು, ಫ್ಯಾಮಿಲಿಗೊಂದು ಬಾಗಿಲು. ಈಗ ಕಾಲ ಸಡಿಲವಾಗಿದೆ, ಬಾಗಿಲುಗಳು ಒಂದಾಗಿವೆ. ಆದರೆ ನಮ್ಮ ವಸತಿಗೆ ಹತ್ತಿರದ ಬೀಚಿನಲ್ಲಿ ರಜಾದಿನಗಳಲ್ಲಿ ಈಗಲೂ ಒಂದು ತಂತಿಬೇಲಿಯ ಆಚೆ ಫ್ಯಾಮಿಲಿ, ಈಚೆ ನಾವು. ಆಚೆ ಉಯ್ಯಾಲೆ, ಜಾರುಬಂಡೆ, ಬಣ್ಣದ ಕೊಡೆಗಳು. ಈಚೆ ಒಂದು ಪಂಪು ಕೋಣೆ, ಅದರ ಗೋಡೆಗೆ ಒರಗಿದ ಗಂಡಸರು. ಎಷ್ಟೋ ಶುಕ್ರವಾರ ನಾನು ಆ ಗೋಡೆಗೆ ಒರಗಿ, ಆಚೆ ಯಾರೋ ಒಬ್ಬ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿಗಿಳಿಯುವುದನ್ನು ನೋಡಿದ್ದೇನೆ. ಹೊಟ್ಟೆಕಿಚ್ಚು ಪಟ್ಟಿದ್ದೇನೆ ಎಂದೇ ಹೇಳಿಬಿಡುತ್ತೇನೆ, ನಿಮ್ಮ ಮುಂದೆ ಮುಚ್ಚುಮರೆ ಏಕೆ?

ಕೊನೆಗೂ ಈ ಜನವರಿಯಲ್ಲಿ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಹೆಂಡತಿ ಮೈಮೂನಾ ಮತ್ತು ಎಂಟು ವರ್ಷದ ಮಗಳು ಶಿಫಾ ಬಂದಿಳಿದರು. ರೂಮು ಬಿಟ್ಟು ಸಣ್ಣದೊಂದು ಫ್ಲ್ಯಾಟ್ ಹಿಡಿದೆ. ಎಲ್ಲವೂ ಸರಿಯಾಗಿತ್ತು, ಒಂದನ್ನು ಬಿಟ್ಟು. ಫೋನಿನಲ್ಲಿ ಮಾತಿಗೊಮ್ಮೆ ಪಪ್ಪ, ಪಪ್ಪ ಎನ್ನುತ್ತಿದ್ದ ಮಗಳು ಎದುರಿಗೆ ಬಂದ ಮೇಲೆ ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ಅವಳ ಪಪ್ಪ ಅಂಗೈಯಗಲದ ಗಾಜಿನೊಳಗೆ ಇದ್ದವನು. ಲುಂಗಿ ಉಟ್ಟು ಗೊರಕೆ ಹೊಡೆಯುವ ಈ ಆಸಾಮಿ ಯಾರೋ ಬೇರೆ. ಪಕ್ಕದಲ್ಲೇ ಕೂತಿದ್ದರೂ, "ಉಮ್ಮಾ, ಅವರಿಗೆ ನೀರು ಬೇಕಾ ಕೇಳಿ" ಎಂದು ತಾಯಿಗೆ ಹೇಳುತ್ತಿದ್ದಳು. 'ಅವರು' ಎಂದರೆ ನಾನು. ಹನ್ನೆರಡು ದಿನ ನಾನು ನನ್ನದೇ ಮನೆಯಲ್ಲಿ ಮರ್ಯಾದಸ್ಥ ಅತಿಥಿಯಾಗಿದ್ದೆ. ನೋವಾಗುತ್ತಿತ್ತು. ಇದಕ್ಕೆ ಮದ್ದು ಒಂದೇ, ಬೀಚಿನ ಫ್ಯಾಮಿಲಿ ಸೈಡು ಎಂದು ತೀರ್ಮಾನಿಸಿದೆ. ಅಲ್ಲಿ ಹೆಗಲ ಮೇಲೆ ಕೂರಿಸಿಕೊಂಡರೆ ಯಾವ ಮಗಳು ತಾನೇ ಪಪ್ಪಾ ಎನ್ನದೆ ಇದ್ದಾಳು?

ಗುರುವಾರ ಸಂಜೆ ಹಳೆಯ ರೂಮಿನಲ್ಲಿ ಈ ಸುದ್ದಿ ಹೊರಹಾಕಿದೆ. ಸದಾನಂದ ಹಿಗ್ಗಿದ. "ಬೀಚಿಗಾ? ನಾವೂ ಬರ್ತೇವೆ ಮಾರಾಯ. ಮೀನು ಸುಡುವ."

"ಇಲ್ಲ ಮಾರಾಯ," ನಾನು ಗಂಟಲು ಸರಿಮಾಡಿಕೊಂಡೆ. "ನಾವು ಫ್ಯಾಮಿಲಿ ಸೈಡಲ್ಲಿ ಕೂತ್ಕೊಳ್ಳುವವರು."

ಆ 'ನಾವು' ಎನ್ನುವಾಗ ನನ್ನ ಎದೆ ಎರಡಿಂಚು ಉಬ್ಬಿರಬೇಕು. ಹಮೀದ್ ಕಾಕ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸದೆ ಹೇಳಿದರು, "ನಾಳೆ ಗಾಳಿ ಜೋರುಂಟು ಮೋನೇ. ಆ ಸೈಡಲ್ಲಿ ಎಂತ ಮರೆಯೂ ಇಲ್ಲ." ಮಗನೇ ಎಂದು ಕರೆದರೂ, ಪಾಪ, ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾರೆ ಎಂದುಕೊಂಡೆ.

ಸೌದಿಯಲ್ಲಿ ಚಳಿ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. "ಅಲ್ಲಿ ಮರಳಲ್ಲಿ ಮೊಟ್ಟೆ ಬೇಯ್ತದಂತೆ, ನಿಂಗೆ ಸ್ವೆಟರ್ ಎಂತಕ್ಕೆ?" ಎಂದು ನನ್ನ ತಾಯಿಯೇ ಕೇಳಿದ್ದರು. ಆದರೆ ಈ ಪೂರ್ವ ಕರಾವಳಿಯಲ್ಲಿ ಜನವರಿಯ ಬಡಗಣ ಗಾಳಿ ಬೀಸತೊಡಗಿದರೆ ಕಿವಿ ಇದೆಯೋ ಬಿದ್ದುಹೋಯಿತೋ ಎಂದು ಮುಟ್ಟಿ ನೋಡಿಕೊಳ್ಳಬೇಕು. ನಾನು ಉಳ್ಳಾಲದವನು. ಕಡಲು ನಮ್ಮ ಹಿತ್ತಲಿನಲ್ಲೇ ಇತ್ತು. ಕಡಲಿಗೆ ಹೋಗುವಾಗ ಅಂಗಿ ಕಳಚಿ ಹೋಗಬೇಕು ಎಂಬುದಷ್ಟೇ ನನಗೆ ಗೊತ್ತಿದ್ದ ಶಾಸ್ತ್ರ. ಹಾಗಾಗಿ ಶುಕ್ರವಾರ ಮಧ್ಯಾಹ್ನ ಮೈಮೂನಾ ಕಂಬಳಿ ಎತ್ತಿಕೊಂಡಾಗ, "ಕಡಲಿಗೆ ಯಾರಾದ್ರೂ ಕಂಬಳಿ ಕೊಂಡೋಗ್ತಾರಾ?" ಎಂದು ನಕ್ಕು ಅದನ್ನು ಮಂಚದ ಮೇಲೆ ವಾಪಸ್ ಇಡಿಸಿದೆ. ಆ ನಗುವನ್ನು ಮೈಮೂನಾ ಇನ್ನೂ ಮರೆತಿಲ್ಲ.

ಗೇಟಿನ ಕಾವಲುಗಾರ ಕಾರು ನಿಲ್ಲಿಸಿ ಬಂದ ನಮ್ಮ ಮೂವರನ್ನು ನೋಡಿ, "ಆಯಿಲಾ? ತಫದ್ದಲ್" ಎಂದ. ಫ್ಯಾಮಿಲಿಯಾ? ಒಳಗೆ ದಯಮಾಡಿಸಿ ಎಂದು ಅರ್ಥ. ಹನ್ನೊಂದು ವರ್ಷ ಕಾದ ಮಾತು! ಹೊರಗೆ ಹೋಗಿ ಮತ್ತೊಮ್ಮೆ ಬಂದು ಇನ್ನೊಂದು ಸಲ ಹೇಳಿಸಿಕೊಳ್ಳೋಣವೇ ಎನಿಸಿತು. ಆ ಆಸೆ ಅಷ್ಟು ಬೇಗ ಪರೀಕ್ಷೆಗೆ ಬೀಳುತ್ತದೆ ಎಂದು ಗೊತ್ತಿರಲಿಲ್ಲ.

ಒಳಗೆ ಉಯ್ಯಾಲೆಗಳು ತಮ್ಮಷ್ಟಕ್ಕೆ ತಾವೇ ತೂಗುತ್ತಿದ್ದವು, ಅವುಗಳ ಮೇಲೆ ಗಾಳಿ ಕೂತಿತ್ತು. ಬಣ್ಣದ ಕೊಡೆಗಳನ್ನು ಮಡಚಿ ಕಟ್ಟಿದ್ದರು. ಬುದ್ಧಿವಂತ ಸಂಸಾರಗಳು ಕಾರಿನೊಳಗೇ ಗಾಜು ಏರಿಸಿ ಕೂತು ಊಟ ಮಾಡುತ್ತಿದ್ದವು. ನಮ್ಮಂತೆ ಮರಳಿಗಿಳಿದವರು ಐದಾರು ಕುಟುಂಬ ಮಾತ್ರ. ನಾನು ಪ್ಲಾಸ್ಟಿಕ್ ಚಾಪೆ ಬಿಡಿಸಿದೆ. ಅದು ಬಿಡಿಸಿಕೊಂಡಿತು, ಆದರೆ ನೆಲಕ್ಕೆ ತಾಗಲಿಲ್ಲ. ಕೊನೆಗೆ ಒಂದು ಮೂಲೆಯಲ್ಲಿ ಮೈಮೂನಾ, ಒಂದರಲ್ಲಿ ಶಿಫಾ, ಒಂದರಲ್ಲಿ ನೀರಿನ ಕ್ಯಾನ್, ನಾಲ್ಕನೆಯದರಲ್ಲಿ ನಾನು, ಹೀಗೆ ಮೂಲೆಗೊಬ್ಬರಂತೆ ಕೂತೆವು. ಸಂಸಾರ ಸಮೇತ ಕೂತದ್ದು ಹೌದು, ಆದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಫ್ಲಾಸ್ಕಿನಿಂದ ಬಗ್ಗಿಸಿದ ಚಹಾ ಲೋಟಕ್ಕೆ ಬೀಳದೆ ಅಡ್ಡಡ್ಡ ಹೋಗಿ ನನ್ನ ಮೊಣಕಾಲಿಗೆ ಬಿತ್ತು. ಮೈಮೂನಾ ಬೆಳಗ್ಗೆ ಎದ್ದು ಮಾಡಿದ್ದ ಪುಂಡಿ, ಅದೇ ಅಕ್ಕಿಯ ಉಂಡೆ, ಮರಳು ಹತ್ತಿ ಕರಕರ ಎಂದಿತು.

"ಕಾರಲ್ಲಿ ಕೂತು ನೋಡುವನಾ? ಕಡಲು ಅಲ್ಲಿಂದಲೂ ಕಾಣ್ತದೆ," ಎಂದು ಅವಳು ಕೂಗಿ ಹೇಳಿದಳು.

"ಕಾರಲ್ಲಿ ಕೂರುವುದಾದ್ರೆ ಫ್ಯಾಮಿಲಿ ಸೈಡಿಗೆ ಬಂದದ್ದು ಯಾಕೆ?" ಎಂದು ನಾನೂ ಕೂಗಿದೆ.

ಶಿಫಾ ನನ್ನ ಫೋನಿನಲ್ಲಿ ಅಲೆಗಳ ವಿಡಿಯೋ ತೆಗೆಯುತ್ತಿದ್ದಳು. ಮೂಗು ಒರೆಸಿಕೊಂಡು ಹೇಳಿದಳು, "ಉಮ್ಮಾ, ಮನೆಗೆ ಯಾವಾಗ ಹೋಗುವುದು ಅಂತ ಅವರ ಹತ್ರ ಕೇಳಿ."

ನಾನು ಅವಳಿಂದ ನಾಲ್ಕಡಿ ದೂರದಲ್ಲಿದ್ದೆ. ಇನ್ನು ತಡ ಮಾಡಬಾರದೆಂದು, "ಬಾ ಮಗಾ, ಹೆಗಲ ಮೇಲೆ ಕೂತ್ಕೋ, ನೀರಿನ ಹತ್ರ ಹೋಗುವ" ಎನ್ನುತ್ತಾ ಎದ್ದೆ. ನನ್ನ ಮೂಲೆ ನಾನೇ ಖಾಲಿ ಮಾಡಿದ್ದೇನೆಂದು ಹೊಳೆದದ್ದು ಚಾಪೆ ಮುಖಕ್ಕೆ ಬಡಿದ ಮೇಲೆ. ಪುಂಡಿಗಳು ಉರುಳಿಕೊಂಡು ಸಮುದ್ರದ ಕಡೆ ಹೊರಟವು. ಚಾಪೆ ಇನ್ನೊಂದು ಕಡೆ ಹಾರಿ, ತಂತಿಬೇಲಿ ದಾಟಿ, ಬ್ಯಾಚುಲರ್ ಸೈಡಿಗೆ ಹೋಯಿತು. "ಹಿಡೀರಿ, ಹಿಡೀರಿ!" ಎಂದು ಮೈಮೂನಾ ಕೂಗಿದಳು. ನಾನು ಓಡಿದೆ. ಗೇಟು ದಾಟಿ, ದೀಪದ ಕಂಬಕ್ಕೆ ಸುತ್ತಿಕೊಂಡಿದ್ದ ಚಾಪೆಯನ್ನು ಬಿಡಿಸಿ, ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು ವಾಪಸ್ ಬಂದೆ. ಮಗಳು ಕೂರಬೇಕಾಗಿದ್ದ ಹೆಗಲು ಅದು.

ಗೇಟಿನಲ್ಲಿ ಮೊದಲಿನ ಕಾವಲುಗಾರ ಇರಲಿಲ್ಲ. ಅಸರ್ ನಮಾಜಿಗೆ ಹೋಗಿದ್ದಿರಬೇಕು. ಅವನ ಜಾಗದಲ್ಲಿ ಇನ್ನೊಬ್ಬ, ಮಫ್ಲರಿನೊಳಗಿಂದ ಎರಡು ಕಣ್ಣು ಮಾತ್ರ ಬಿಟ್ಟುಕೊಂಡವನು, ನನ್ನ ಹೆಗಲ ಚಾಪೆ, ತಲೆಯ ಮರಳು, ಚಹಾ ಬಿದ್ದ ಪ್ಯಾಂಟು ಎಲ್ಲವನ್ನೂ ನೋಡಿ ಕೈ ಅಡ್ಡ ಹಿಡಿದ. "ಬ್ಯಾಚುಲರ್ ಉಧರ್, ಸದೀಕ್." ಬ್ಯಾಚುಲರುಗಳ ಜಾಗ ಅತ್ತ, ಗೆಳೆಯಾ ಎಂದು.

"ಫ್ಯಾಮಿಲಿ ಅಂದರ್ ಹೈ," ಎಂದೆ.

"ಎಲ್ಲರೂ ಹಾಗೇ ಹೇಳ್ತಾರೆ" ಎಂಬಂತೆ ಅವನು ತಲೆಯಾಡಿಸಿದ. ಫೋನು ಮಾಡು ಎಂದು ಕೈಸನ್ನೆ ಮಾಡಿದ. ನನ್ನ ಫೋನು ಶಿಫಾಳ ಕೈಯಲ್ಲಿತ್ತು. ಮೈಮೂನಾಳ ಫೋನಿನಲ್ಲಿದ್ದದ್ದು ಊರಿನ ಸಿಮ್, ಅದು ಮನೆಯ ವೈಫೈ ಬಿಟ್ಟರೆ ಬೇರೆಲ್ಲೂ ಬಾಯಿಬಿಡುವುದಿಲ್ಲ. ಹಾಗಾದರೆ ತೋರಿಸು ಎಂದ. ನೋಡಿದರೆ ಮರಳ ಮೇಲಿದ್ದ ಹೆಂಗಸರೆಲ್ಲ ಕಪ್ಪು ಅಬಾಯಾದಲ್ಲಿ, ಎಲ್ಲರೂ ಗೇಟಿನ ಕಡೆ ಬೆನ್ನು ಹಾಕಿ, ಎಲ್ಲರೂ ಒಂದೇ ರೀತಿ ಮುದುಡಿ ಕೂತಿದ್ದಾರೆ. ಮದುವೆಯಾಗಿ ಹನ್ನೊಂದು ವರ್ಷ, ಒಟ್ಟಿಗೆ ಇದ್ದದ್ದು ಎರಡು ವರ್ಷಕ್ಕೊಂದರಂತೆ ಸಿಕ್ಕ ರಜೆಗಳಲ್ಲಿ. ಬೆನ್ನು ನೋಡಿ ಗುರುತು ಹಿಡಿಯುವಷ್ಟು ಸಂಸಾರ ನಾನೆಲ್ಲಿ ಮಾಡಿದ್ದೆ? ಧೈರ್ಯ ಮಾಡಿ ಒಬ್ಬರ ಕಡೆ ಬೆರಳು ತೋರಿಸಿದೆ. ಅದೇ ಗಳಿಗೆಗೆ ಅವರು ತಿರುಗಿದರು. ಎಪ್ಪತ್ತು ದಾಟಿದ ಅಜ್ಜಿ. ಪಕ್ಕದಲ್ಲಿ ಬಾಗಿಲಿನಷ್ಟು ಅಗಲದ ಮಗ.

ಕಾವಲುಗಾರ ನನ್ನ ಬೆರಳನ್ನು ಮೆಲ್ಲಗೆ ಕೆಳಗಿಳಿಸಿದ. "ರೂಹ್, ಸದೀಕ್, ರೂಹ್." ಹೋಗು ಮಾರಾಯ ಎಂದಷ್ಟೇ ಅರ್ಥ. ಬೈದಿದ್ದರೂ ಇಷ್ಟು ಅವಮಾನವಾಗುತ್ತಿರಲಿಲ್ಲ, ಅವನ ದನಿಯಲ್ಲಿ ಕರುಣೆ ಇತ್ತು.

ಬೇಲಿಯಾಚೆಗೆ ಕೂಗಿದೆ. ಗಾಳಿ ನನ್ನ ದನಿಯನ್ನೂ ಚಾಪೆ ಹೋದ ದಿಕ್ಕಿಗೇ ಒಯ್ದಿತು. ಅದರ ಹಿಂದೆಯೇ ನಡೆದರೆ, ಪಂಪು ಕೋಣೆಯ ಗೋಡೆಯ ಮರೆಯಲ್ಲಿ, ಇದ್ದಿಲ ಒಲೆಯ ಮುಂದೆ, ಹಮೀದ್ ಕಾಕ ಮತ್ತು ಸದಾನಂದ! ಪಕ್ಕದಲ್ಲಿ ಎಂದಿನಂತೆ ಗೋಡೆಗೆ ಒರಗಿದ ಇನ್ನಷ್ಟು ಗಂಡಸರು. ಅಲ್ಲಿ ಗಾಳಿಯ ಸುಳಿವೇ ಇರಲಿಲ್ಲ. ಮಸಾಲೆ ಹಚ್ಚಿದ ಮೀನು ಚುರುಗುಟ್ಟುತ್ತಿತ್ತು.

"ಓಹೋ, ಬನ್ನಿ ಬನ್ನಿ ಫ್ಯಾಮಿಲಿ ಸೈಡಿನವರು," ಎಂದ ಸದಾನಂದ. "ಚಾಪೆ ಸಮೇತ ಬಂದ್ರಾ?"

ಹಮೀದ್ ಕಾಕ ನಿನ್ನೆಯ ಮಾತು ಎತ್ತಲಿಲ್ಲ. ಬಿಸಿ ಸುಲೈಮಾನಿ ಚಹಾ ಕೈಗಿತ್ತು, "ಮೊದಲು ಕುಡಿ ಮೋನೇ, ಆ ಕಾವಲಿನವ ಚಹಾ ಕುಡಿಯಲಿಕ್ಕೆ ಇಲ್ಲಿಗೇ ಬರ್ತಾನೆ. ಆಗ ಹೇಳುವ" ಎಂದರು. ನನಗೆ ನಾಚಿಕೆಯಾಯಿತು. ನಾಚಿಕೆಯ ನಡುವೆಯೇ ಒಂದು ತುಂಡು ಮೀನು ತಿಂದೆ. ರುಚಿಯಾಗಿತ್ತು. ಇನ್ನೊಂದು ತುಂಡಿನ ಮುಳ್ಳು ಬಿಡಿಸುತ್ತಿದ್ದಾಗ ಬೇಲಿಯ ತಂತಿಗಳ ನಡುವೆ ಎರಡು ಕಣ್ಣು ಕಂಡವು.

"ಉಮ್ಮಾ! ಅವರು ಇಲ್ಲಿ ಮೀನು ತಿಂತಾ ಇದ್ದಾರೆ!"

ಆ ಗಳಿಗೆಯಲ್ಲಿ ಮೈಮೂನಾಳ ಮುಖ ಹೇಗಿತ್ತು ಎಂದು ನಾನು ಬರೆಯುವುದಿಲ್ಲ. ಇಬ್ಬರೂ ಗೇಟು ದಾಟಿ ಈಚೆ ಬಂದರು. ಹೊರಗೆ ಹೋಗುವವರನ್ನು ಯಾರು ತಡೆಯುತ್ತಾರೆ? ಆಗಬೇಕಾದ ಮಂಗಳಾರತಿ ಚಳಿಯ ದೆಸೆಯಿಂದ ಮುಂದಕ್ಕೆ ಹೋಯಿತು, ಏಕೆಂದರೆ ಮೈಮೂನಾ ಒಲೆ ಕಂಡೊಡನೆ ಕೂತುಬಿಟ್ಟಳು. ಹಮೀದ್ ಕಾಕ ತಮ್ಮ ಕೊರಳ ಮಫ್ಲರ್ ತೆಗೆದು ಶಿಫಾಳ ಕಿವಿಗೆ ಸುತ್ತಿದರು. ಸದಾನಂದ ಮುಳ್ಳು ಬಿಡಿಸಿ ಬಿಡಿಸಿ ಅವಳ ತಟ್ಟೆಗೆ ಹಾಕಿದ. ಅವಳು ಮೊದಲ ಸಲ ನಕ್ಕಳು. "ಇಲ್ಲಿಗೇ ಬರಬಹುದಿತ್ತಲ್ಲ, ಎಷ್ಟು ಲಾಯ್ಕುಂಟು," ಎಂದಳು ಮೈಮೂನಾ. ನಾನು ಇದ್ದಿಲು ಕೆದಕಿದೆ.

ಆಗ ಮಫ್ಲರಿನ ಕಾವಲುಗಾರ ಚಹಾಕ್ಕೆಂದು ಇತ್ತ ಬಂದ. ಬಂದವನಿಗೆ ಕಂಡದ್ದು ಗಂಡಸರ ಗುಂಪಿನ ನಡುವೆ ಒಬ್ಬ ಹೆಂಗಸು, ಒಂದು ಮಗು. ಅವನಿಗೆ ಜವಾಬ್ದಾರಿ ಉಕ್ಕಿಬಂತು. ಕೈ ತಟ್ಟಿ ಗದರಿದ, "ಯಲ್ಲಾ ಶಬಾಬ್, ಗೂಮ್, ಗೂಮ್! ಹಿನಾ ಆಯಿಲಾ!" ಏಳಿ ಹುಡುಗರೇ, ಇಲ್ಲಿ ಫ್ಯಾಮಿಲಿ ಕೂತಿದೆ ಎಂದು. ಗೋಡೆಗೆ ಒರಗಿದ್ದ ಹತ್ತು ಹದಿನೈದು ಮಂದಿ ಎದ್ದು ಮರಳು ಕೊಡವಿಕೊಂಡರು. ಐವತ್ತೆಂಟರ ಹುಡುಗ ಹಮೀದ್ ಕಾಕನೂ ಸೊಂಟ ಹಿಡಿದುಕೊಂಡು ಎದ್ದರು, ಸದಾನಂದನೂ ಎದ್ದ. ಅವರ ಜೊತೆ ಚಹಾದ ಲೋಟ ಹಿಡಿದುಕೊಂಡು ನಾನೂ ಎದ್ದು ಹೊರಟೆ.

ಯಾಕೆ ಎಂದು ಕೇಳಬೇಡಿ. ಹನ್ನೊಂದು ವರ್ಷ ಆ ಮಾತಿಗೆ ಎದ್ದ ಕಾಲುಗಳು ನನ್ನನ್ನು ಕೇಳದೆಯೇ ಎದ್ದವು. ತಲೆ ತಗ್ಗಿಸಿ ಎಲ್ಲರ ಸಾಲಿನಲ್ಲಿ ಇಪ್ಪತ್ತು ಹೆಜ್ಜೆ ನಡೆದಿದ್ದೆ. ಹಿಂದೆ ನನ್ನ ಫ್ಯಾಮಿಲಿ ನನ್ನ ಚಾಪೆಯ ಮೇಲೆ ಕೂತು, ನಾನು ಹೋಗುವುದನ್ನು ಬಾಯಿಬಿಟ್ಟು ನೋಡುತ್ತಿತ್ತು.

"ಪಪ್ಪಾ!"

ಗೋಡೆಯ ಮರೆಯಿಂದ ಬಂದ ಆ ಕೂಗನ್ನು ಗಾಳಿ ನಮ್ಮ ಕಡೆಗೇ ತಂದಿತು. "ಪಪ್ಪಾ, ಎಲ್ಲಿಗೆ ಹೋಗ್ತೀರಿ? ನೀವು ಫ್ಯಾಮಿಲಿ!"

ಹಮೀದ್ ಕಾಕ ಗಕ್ಕನೆ ನಿಂತು ತಿರುಗಿದರು. ಸದಾನಂದ ತಿರುಗಿದ. ಮುಂದಿದ್ದ ಕೇರಳದವರು, ಅವರ ಮುಂದಿದ್ದ ಪಾಕಿಸ್ತಾನದ ಡ್ರೈವರುಗಳು, ಎಲ್ಲ ಬ್ಯಾಚುಲರುಗಳೂ ಒಟ್ಟಿಗೆ ತಿರುಗಿದರು. ಎಲ್ಲರಿಗಿಂತ ಕೊನೆಗೆ ತಿರುಗಿದವನು ನಾನು.