ಮಾವ ಮದರ್‌ಬೋರ್ಡು ಕೊಂಡದ್ದು

ಸುರಪುರದಲ್ಲಿ ಯಾರಾದರೂ ತೀರಿಕೊಂಡರೆ ಸುದ್ದಿ ನೆಂಟರಿಗಿಂತ ಮೊದಲು ನಮ್ಮ ಸೋದರಮಾವನಿಗೆ ಮುಟ್ಟುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ! ಆತ ಯಮನ ಕಡೆಯವನೇನಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರಿಟ್ಟುಕೊಂಡು ಬ್ಯಾನರ್ ಡಿಸೈನ್ ಮಾಡುತ್ತಾನೆ, ಅಷ್ಟೇ. ಹುಟ್ಟುಹಬ್ಬ, ಮದುವೆ ಎಲ್ಲ ಮಾಡುತ್ತಾನಾದರೂ ಕೈ ಕುದುರಿದ್ದು ಮಾತ್ರ ‘ಭಾವಪೂರ್ಣ ಶ್ರದ್ಧಾಂಜಲಿ’ಗೆ. ಯಾವುದೋ ಮದುವೆಯ ಗುಂಪು ಫೋಟೋದಿಂದ ಮುದುಕನೊಬ್ಬನನ್ನು ಕತ್ತರಿಸಿ ತೆಗೆದು, ಆತನ ಹೆಗಲ ಮೇಲಿದ್ದ ಬೀಗರ ಕೈ ಅಳಿಸಿ, ತಲೆಯ ಹಿಂದೆ ಬೆಳಕಿನ ಚಕ್ರ ಕೂರಿಸಿ, ಶಹಾಪುರದ ಫ್ಲೆಕ್ಸ್ ಮಷಿನಿಗೆ ಕಳಿಸಿಬಿಡುತ್ತಾನೆ. ಅಷ್ಟರಲ್ಲಿ ಆ ಮನೆಯವರ ಅಳು ಇನ್ನೂ ಒಂದು ಹದಕ್ಕೆ ಬಂದಿರುವುದಿಲ್ಲ.

ಇಂಥ ಮಾವನ ಕಂಪ್ಯೂಟರಿನ ಮದರ್‌ಬೋರ್ಡು ಹೋದ ಬೇಸಿಗೆಯಲ್ಲಿ ಸುಟ್ಟುಹೋಯಿತು. ಹೊಸದು ಕೊಳ್ಳಬೇಕಲ್ಲ, ಕೊಂಡನೇ? ಇಲ್ಲ! ಹೋಲಿಕೆ ಶುರು ಮಾಡಿದ. ಅಲ್ಲಿಯತನಕ ಬಂದ ಕೆಲಸವನ್ನು ಪಕ್ಕದ ಅಂಗಡಿಯಲ್ಲಿ ಕೂತು ಮಾಡಿಕೊಡುತ್ತಿದ್ದ.

ಅದೇ ಬೇಸಿಗೆಯಲ್ಲಿ ಅತ್ತೆಯ ಕಿಡ್ನಿಗಳೂ ಕೈಕೊಟ್ಟವು. ವಾರಕ್ಕೆರಡು ಸಲ ಡಯಾಲಿಸಿಸ್ಸಿಗೆಂದು ಯಾದಗಿರಿಗೆ ಹೋಗಬೇಕು. ಅತ್ತೆ ಮಂಚದ ಮೇಲೆ, ಮಾವ ಪಕ್ಕದ ಸ್ಟೂಲಿನ ಮೇಲೆ. ತೊಡೆಯ ಮೇಲೆ ನೋಟ್‌ಬುಕ್ಕು, ಅದರಲ್ಲಿ ಎರಡು ಬೋರ್ಡುಗಳ ಗುಣದೋಷ! ಎರಡೂ ಅಗ್ಗದವು. ಎರಡರಲ್ಲೂ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಒಳಗೇ ಇತ್ತು, ಬೇರೆ ಕಾರ್ಡು ಬೇಕಿರಲಿಲ್ಲ.

“ಹಸಿರು ಬೋರ್ಡಿಗೆ ನನ್ನ ಹಳೇ ಮಾನಿಟರ್ ಕೂಡ್ತದ, ಆದ್ರ ರ‍್ಯಾಮ್ ಹಾಕಾಕ ಒಂದೇ ಜಾಗ ಅದ. ಕರಿ ಬೋರ್ಡಿಗೆ ಎರಡು ಜಾಗ ಅವ, ಆದ್ರ ಮಾನಿಟರ್ ಕೂಡಂಗಿಲ್ಲ” ಎಂದು ಜೊತೆಗೆ ಹೋಗಿದ್ದ ನನಗೆ ವಿವರಿಸಿದ.

“ದೊಡ್ಡ ಬೋರ್ಡು ತಗೊಂಡು ಗ್ರಾಫಿಕ್ಸ್ ಕಾರ್ಡು ಬ್ಯಾರೆ ಹಾಕ್ಸಿದ್ರ ಮುಗೀತಲ್ಲ ಮಾವ?”

“ಯಾಕ? ಸತ್ತವರು ಬ್ಯಾನರಿನ್ಯಾಗ ಕುಣೀತಾರೇನ? ಶ್ರದ್ಧಾಂಜಲಿಗೆ ಒಳಗಿನ ಗ್ರಾಫಿಕ್ಸ್ ಸಾಕು. ಅದು ಮನಿ ಅಳಿಯ ಇದ್ದಂಗ. ರ‍್ಯಾಮಿನ ಪಾಲಿನ್ಯಾಗ ಉಣ್ತದ, ಹೇಳಿದ ಕೆಲಸ ಮಾಡ್ತದ.”

ಅತ್ತೆ ಮಲಗಿದಲ್ಲಿಂದಲೇ ಬಾಯಿ ಹಾಕಿದಳು. “ಯಾವುದರ ಒಂದು ಲಗೂನ ತಗೊಳ್ರಿ. ನನ್ನ ಬ್ಯಾನರೂ ಬಾಜೂ ಅಂಗಡ್ಯಾಗ ಕುಂತು ಮಾಡ್ತೀರೇನ? ನನಗ ನಮ್ಮ ಮನಿ ಕಂಪ್ಯೂಟರಿನ್ಯಾಗ ಮಾಡಿದ್ದೇ ಬೇಕು ನೋಡ್ರಿ!”

ಪಕ್ಕದ ಮಂಚದ ರೋಗಿಯೂ ನಕ್ಕ. ಮಾವ ನಗಲಿಲ್ಲ. “ಹೋಲಿಕಿ ಇನ್ನಾ ಮುಗಿದಿಲ್ಲ” ಎಂದು ಪುಟ ತಿರುವಿದ. ಬೋರ್ಡು ಬಂದರೆ ಅದರ ಮೇಲೆ ಮಾಡಬೇಕಾದ ಕೆಲಸ ಯಾವುದೆಂದು ಆತನಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು.

ಇಲ್ಲಿ ಒಬ್ಬ ಗೌಡರ ಕತೆ ಹೇಳಲೇಬೇಕು. ಕೆಲ ವರ್ಷಗಳ ಹಿಂದೆ ಹತ್ತಿರದ ಹಳ್ಳಿಯ ಈ ಗೌಡರಿಗೆ ಮೇಲುಸಿರು ಹತ್ತಿತ್ತು. ಮಕ್ಕಳು ಬಲು ಜಾಣರು! ಮಾವನ ಹತ್ತಿರ ಬಂದು, ತಾರೀಕಿನ ಜಾಗವೊಂದು ಖಾಲಿ ಬಿಡಿಸಿ, ಬ್ಯಾನರು ಮಾಡಿಸಿಟ್ಟುಕೊಂಡರು. ವಾರ ಕಳೆಯುವುದರೊಳಗೆ ಗೌಡರೇ ಬಂದು ಬಾಗಿಲಲ್ಲಿ ನಿಂತರು, ಕಂಕುಳಲ್ಲಿ ಅದೇ ಬ್ಯಾನರಿನ ಸುರುಳಿ! “ನನ್ನ ಮೀಸಿ ಯಾಕ ಸಣ್ಣ ಮಾಡೀದಿ?” ಎಂದು ಜಗಳವೋ ಜಗಳ. ಮೀಸೆ ದಪ್ಪ ಮಾಡಿಸಿಕೊಂಡು ಹೋದ ಗೌಡರು ಇವತ್ತಿಗೂ ಹೊಲಕ್ಕೆ ಹೋಗಿಬರುತ್ತಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರು ಮಾವನನ್ನು ಬದಿಗೆ ಕರೆದು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು. ಮಾವ ಅತ್ತೆಯನ್ನು ತಂದು ಒಳಕೋಣೆಯಲ್ಲಿ ಮಲಗಿಸಿದ. ಚಪ್ಪಲಿ ಮೆಟ್ಟಿಕೊಂಡು ನೇರ ಪೇಟೆಗೆ ಹೋದವನು ಕೈಗೆ ಸಿಕ್ಕ ಬೋರ್ಡು ಹಿಡಿದುಕೊಂಡು ಬಂದ. ಹಸಿರೂ ಅಲ್ಲ, ಕರಿಯದೂ ಅಲ್ಲ, ನೀಲಿ! ಗ್ರಾಫಿಕ್ಸ್ ಮಾತ್ರ ಇದರಲ್ಲೂ ಒಳಗಿನದೇ. ಹಳೆಯ ಮಾನಿಟರಿಗೆ ಕೂಡುತ್ತದೋ ಇಲ್ಲವೋ ಎಂದೂ ಕೇಳಿರಲಿಲ್ಲ. ಪುಣ್ಯಕ್ಕೆ ಕೂಡಿತು. ಸಂಜೆಯೊಳಗೆ ಪರದೆಯ ಮೇಲೆ ಅತ್ತೆಯ ಶ್ರದ್ಧಾಂಜಲಿ ಬ್ಯಾನರು ಇತ್ತು.

ನನಗೆ ಸಿಟ್ಟು ನೆತ್ತಿಗೇರಿತು. “ಅತ್ತಿ ಇನ್ನಾ ಉಸಿರಾಡಾಕತ್ತಾಳ ಮಾವ! ನಾಚಿಕಿ ಆಗಂಗಿಲ್ಲೇನ ನಿನಗ?”

“ಗೌಡ್ರು ಎದ್ದು ಬರಲಿಲ್ಲೇನ?” ಎಂದ ಮಾವ. ತಾರೀಕಿನ ಜಾಗ ಖಾಲಿ ಇತ್ತು. ಅದನ್ನು ಬೆರಳಿಟ್ಟು ತೋರಿಸಿದ. ಆತನನ್ನು ಬೈದದ್ದಕ್ಕೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಮರುದಿನ ಬ್ಯಾನರು ಶಹಾಪುರದಿಂದ ಬಂತು. ನಾವಿಬ್ಬರೂ ಅತ್ತೆಯ ಮುಂದೆ ಬಿಚ್ಚಿ ಹಿಡಿದೆವು. ಅತ್ತೆ ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, “ನನ್ನ ಮೂಗುತಿ ಎಲ್ಲದರಿ? ಬೆಳಕಿನ್ಯಾಗ ಮುಚ್ಚಿ ಹೋಗ್ಯದ. ಸರಿ ಮಾಡ್ರಿ” ಎಂದಳು.

ಮಾವನ ಮುಖ ನೋಡಬೇಕಿತ್ತು! ಗೌಡರೂ ಹೀಗೇ ಅಲ್ಲವೇ ಜಗಳ ತೆಗೆದದ್ದು? “ನೋಡ್ದ್ಯಾ, ನೋಡ್ದ್ಯಾ!” ಎನ್ನುತ್ತ ಮುಂದಿನ ಕೋಣೆಗೆ ಓಡಿ ಮೂಗುತಿಗೆ ಹೊಳಪು ಕೊಡಲು ಕೂತ. ಒಂದೊಂದೇ ಹರಳು ತಿದ್ದಿದ. ತಿದ್ದಿ ಎದ್ದು ಒಳಗೆ ಬರುವಷ್ಟರಲ್ಲಿ ಅತ್ತೆ ಹೋಗಿಬಿಟ್ಟಿದ್ದಳು.

ಮಣ್ಣು ಮುಗಿಸಿ ಬಂದೆವು. ಊರಿನ ಸತ್ತವರಿಗೆಲ್ಲ ಬ್ಯಾನರು ಮಾಡಿಕೊಟ್ಟವನ ಓಣಿಯಲ್ಲಿ ಒಂದು ಬ್ಯಾನರಿಲ್ಲ. ಬಂದವರೆಲ್ಲ ನನ್ನನ್ನೇ ಕೇಳುತ್ತಿದ್ದರು. ಒಳಗೆ ಹೋಗಿ ನೋಡಿದರೆ ಮಾವ ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತಿದ್ದ. ಪರದೆಯಲ್ಲಿ ಅತ್ತೆಯ ಮೂಗುತಿ ಹೊಳೆಯುತ್ತಿತ್ತು. ತಾರೀಕಿನ ಜಾಗ ಇನ್ನೂ ಖಾಲಿಯೇ.

“ಸ್ವಲ್ಪ ಸರಿ ಮಾವ, ತಾರೀಕು ನಾ ಹಾಕ್ತೀನಿ” ಎಂದು ಕೀಬೋರ್ಡಿಗೆ ಕೈ ಚಾಚಿದೆ.

ಆತ ನನ್ನ ಕೈ ಹಿಡಿದುಕೊಂಡ, ಬಿಡಲೇ ಇಲ್ಲ.

“ಬ್ಯಾಡ ಅಳಿಯಾ. ಅದಕ್ಕ ಒಳಗಿನ ಗ್ರಾಫಿಕ್ಸ್ ಸಾಲಂಗಿಲ್ಲ.”