ಟೊಪ್ಪಿಗೆ ಹಾಕಿಕೊಂಡ ಅಕ್ಕಿ

ಎಲ್ಲಕ್ಕೂ ಕಾರಣ ಒಂದು ಕುರ್ಚಿಯ ಕಿರಕಿರ ಸದ್ದು.

ಹಿಂದಿನ ದಿನ ಸಂಜೆ ಆಸ್ಪತ್ರೆಯ ಹಿರಿಯ ನರ್ಸಮ್ಮ ಅವನ ಅಂಗಿ ಬಿಚ್ಚಿಸಿ, ಆ ಕುರ್ಚಿಯಲ್ಲಿ ಒರಗಿಸಿ ಕೂರಿಸಿ, ಒಂಬತ್ತು ದಿನದ ಮಗಳನ್ನು ತಂದು ಅವನ ಬರಿಯೆದೆಯ ಮೇಲೆ ಮಲಗಿಸಿದ್ದರು. ಎರಡು ತಿಂಗಳು ಮುಂಚಿತವಾಗಿಯೇ ಹೊರಟು ಬಂದ ಅವಸರದ ಮಗು. ತೂಕ ಒಂದು ಕಿಲೋ ನಾನೂರು ಗ್ರಾಂ. ಇಂಥ ಮಕ್ಕಳಿಗೆ ಹೆತ್ತವರ ಮೈಯ ಕಾವು ಬಹಳ ಮುಖ್ಯ, ಮೈಗೆ ಮೈ ತಾಗಿಸಿಕೊಂಡು ಮಲಗಿಸಿಕೊಂಡರೆ ಉಸಿರು ಹದಕ್ಕೆ ಬರುತ್ತದೆ, ತೂಕವೂ ಏರುತ್ತದೆ ಎಂದು ಡಾಕ್ಟರು ಹೇಳಿದ್ದರು. ತಾಯಿ ಜ್ವರ ಬಂದು ಮಲಗಿದ್ದರಿಂದ ಸರದಿ ತಂದೆಗೆ ಬಂದಿತ್ತು.

ಮಗು ಎದೆಗೆ ತಾಗಿದ್ದೇ ತಡ, ತಂದೆಗೆ ನಡುಕ ಹಿಡಿಯಿತು. ಅವನು ನಡುಗಿದ, ಕುರ್ಚಿ ಕಿರಗುಟ್ಟಿತು, ಪಕ್ಕದ ಸ್ಟೂಲಿನ ಮೇಲಿದ್ದ ಲೋಟದೊಳಗೆ ಚಮಚ ಕಿಣಿಕಿಣಿ ಎಂದಿತು. ಎರಡೇ ನಿಮಿಷಕ್ಕೆ ನರ್ಸಮ್ಮ ಮಗುವನ್ನು ವಾಪಸು ಎತ್ತಿಕೊಂಡರು.

"ಮಗೂನ ಮಲಗಿಸ್ಕೊಳ್ಳಿ ಅಂದ್ರೆ ಜರಡಿ ಆಡಿಸ್ತಿದ್ದೀರಲ್ರೀ! ನಾಳೆ ನಾಲ್ಕು ಗಂಟೆಗೆ ಬನ್ನಿ. ಅಷ್ಟರಲ್ಲಿ ಇದೇ ತೂಕದ್ದು ಏನಾದ್ರೂ ಎದೆಗೆ ಕಟ್ಕೊಂಡು ಅಭ್ಯಾಸ ಮಾಡ್ಕೊಳ್ಳಿ. ನಾಳೇನೂ ಹೀಗೇ ಆದ್ರೆ ನಿಮ್ಮ ಅತ್ತೆಯವರನ್ನ ಕೂರಿಸ್ತೀನಿ."

ಅತ್ತೆ ಅಲ್ಲೇ ಬಾಗಿಲಲ್ಲಿ ನಿಂತಿದ್ದರು. ಆಗಲೇ ಬಳೆ ಬಿಚ್ಚಿ, ಉಗುರು ಕತ್ತರಿಸಿಕೊಂಡು ತಯಾರಾಗಿದ್ದರು. ಒಮ್ಮೆ ಅತ್ತೆಯ ಎದೆಗೆ ಹೋದ ಮಗು ಮತ್ತೆ ತನ್ನ ಕೈಗೆ ಬರುವುದು ಮದುವೆಯ ವಯಸ್ಸಿಗೇ ಎಂದು ಅವನಿಗೆ ಗೊತ್ತಿತ್ತು.

ಅವನು ಒಂದು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವವನು. ಎರಡು ಮಾತಿಗೊಮ್ಮೆ ತಡವರಿಸಿ ನಿಲ್ಲುತ್ತಿದ್ದುದರಿಂದ ಪ್ರೆಸ್ಸಿನವರು ಅವನಿಗೆ 'ಅಲ್ಪವಿರಾಮ' ಎಂದು ಹೆಸರಿಟ್ಟಿದ್ದರು. ಅಲ್ಪವಿರಾಮ ಬೆಳಿಗ್ಗೆ ಎದ್ದವನೇ ಹಳೆಯ ದಿಂಬಿನ ಹೊದಿಕೆ ಕತ್ತರಿಸಿ ಚೀಲ ಹೊಲಿದ. ಒಂದು ಕಿಲೋ ನಾನೂರು ಗ್ರಾಂ ಅಕ್ಕಿ ತೂಗಿ ತುಂಬಿದ. ಚೀಲದ ತಲೆ ಯಾವುದು, ಕಾಲು ಯಾವುದು ಎಂದು ಗೊತ್ತಾಗಲಿ ಅಂತ ಗಂಟಿನ ಮೇಲೆ ಒಂದು ಉಣ್ಣೆಯ ಟೊಪ್ಪಿಗೆಯನ್ನೂ ಹಾಕಿದ. ಅದನ್ನು ಬರಿಯೆದೆಗೆ ಬಟ್ಟೆಯಿಂದ ಬಿಗಿದುಕೊಂಡು, ಮೇಲೆ ಅಂಗಿ ತೊಟ್ಟು ಬಸ್ಸು ಹತ್ತಿದ.

ಬಸ್ಸಿನಲ್ಲಿ ಕೂತಿದ್ದ ಒಬ್ಬ ಅಜ್ಜಿಯ ಕಣ್ಣಿಗೆ ಅಂಗಿಯ ಸಂದಿನಿಂದ ಇಣುಕುತ್ತಿದ್ದ ಟೊಪ್ಪಿಗೆ ಬಿತ್ತು.

"ಅಯ್ಯೋ, ಎಳೇ ಕೂಸು! ಯಾರಾದ್ರೂ ಎದ್ದು ಜಾಗ ಕೊಡ್ರಪ್ಪಾ!"

"ಅಜ್ಜೀ, ಇದು, ಇದು ಕೂಸಲ್ಲ, ಇದು ಅ..."

"ಶ್! ಮೆತ್ತಗೆ ಮಾತಾಡಪ್ಪ, ಎದ್ದುಬಿಡುತ್ತೆ."

ಮೂರು ಜನ ಒಟ್ಟಿಗೆ ಎದ್ದು ನಿಂತರು. ಕಂಡಕ್ಟರು ಸೀಟಿಯನ್ನು ಜೇಬಿಗೆ ಸೇರಿಸಿ, ಡ್ರೈವರಿಗೆ ಕೈಸನ್ನೆಯಲ್ಲೇ 'ಹೋಗು' ಎಂದ. ಡ್ರೈವರು ಮೊಟ್ಟೆ ಸಾಗಿಸುವವನ ಹಾಗೆ ಹಳ್ಳ ತಪ್ಪಿಸಿ ಬಸ್ಸು ಓಡಿಸಿದ. ಅಜ್ಜಿ ಇಡೀ ದಾರಿ ಟೊಪ್ಪಿಗೆಯನ್ನೇ ನೋಡುತ್ತಾ ಬಂದರು. ಇಳಿಯುವಾಗ ತೀರ್ಪು ಕೊಟ್ಟರು: "ಮೂಗೂ ಬಾಯೂ ಕಾಣ್ದೆ ಇದ್ರೂ ಹೇಳಬಹುದು, ಥೇಟ್ ನಿನ್ನ ಹಾಗೇ ಇದೆ."

ಪ್ರೆಸ್ಸಿನಲ್ಲಾದರೂ ಚೀಲ ಬಿಚ್ಚಿಟ್ಟು ಕೂರಬಹುದಿತ್ತು. ಆದರೆ ನಡುಕ ಇನ್ನೂ ಪೂರ್ತಿ ಹೋಗಿರಲಿಲ್ಲ. ಸಂಜೆಯವರೆಗೆ ಕಟ್ಟಿಕೊಂಡೇ ಇರೋಣ ಎಂದುಕೊಂಡು ತನ್ನ ಮೇಜಿನ ಕಡೆ ಕಳ್ಳಹೆಜ್ಜೆ ಹಾಕಿದ. ಬೈಂಡಿಂಗ್ ಮಾಡುವ ಅಕ್ಕ ಹಾಳೆ ಮಡಚುತ್ತಿದ್ದವಳು ತಲೆಯೆತ್ತಿದಳು.

"ಏನೋ ಅದು? ಅಯ್ಯೋ ನಿನ್ನ, ಮಗೂನ ಕೆಲಸಕ್ಕೇ ಎತ್ಕೊಂಡ್ ಬಂದ್ಬಿಟ್ಯಾ? ಅಷ್ಟು ಸಣ್ಣದನ್ನ ಆಸ್ಪತ್ರೆಯೋರು ಹೇಗ್ ಕಳ್ಸಿದ್ರೋ?"

"ಇಲ್ಲಕ್ಕಾ, ಇದು, ಅಭ್ಯಾಸಕ್ಕೆ ಅಂತ..."

"ಅಭ್ಯಾಸ ಆಗ್ಲಿ ಅಂತ ಇವತ್ತೇ ಕರ್ಕೊಂಡ್ ಬಂದ್ಯಾ? ಮಶೀನ್ ನಿಲ್ಸಿ! ಮಗು ಮಲಗಿದೆ!"

ಮಶೀನು ನಿಂತಿತು. ಮೂವತ್ತು ವರ್ಷದಿಂದ ಧಡಬಡ ಅನ್ನುತ್ತಿದ್ದ ಆ ಕಟ್ಟಡದಲ್ಲಿ ಎಂಥ ನಿಶ್ಶಬ್ದ ಹಬ್ಬಿತೆಂದರೆ, ಗೋಡೆ ಗಡಿಯಾರ ಕೆಟ್ಟಿಲ್ಲ ಎಂಬುದು ಎಲ್ಲರಿಗೂ ಅಂದೇ ಗೊತ್ತಾಯಿತು. ಮರುಕ್ಷಣವೇ ಯಜಮಾನರು ತಮ್ಮ ಕೋಣೆಯಿಂದ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿಬಂದರು.

"ಯಾರ್ರೀ ಮಶೀನ್ ನಿಲ್ಸಿದ್ದು?"

"ಶ್!" ಎಂದರು ಎಲ್ಲರೂ ಒಟ್ಟಿಗೆ.

ಜನ್ಮದಲ್ಲಿ ಯಾರಿಂದಲೂ 'ಶ್' ಅನ್ನಿಸಿಕೊಳ್ಳದ ಯಜಮಾನರು ತಬ್ಬಿಬ್ಬಾದರು. ಕಣ್ಣು ಟೊಪ್ಪಿಗೆಯ ಮೇಲೆ ಬಿತ್ತು. ನೋಡನೋಡುತ್ತಿದ್ದಂತೆ ಅವರ ಮುಖ ಬಿಸಿಲಿಗಿಟ್ಟ ಬೆಣ್ಣೆಯಂತಾಯಿತು. ಅಲ್ಪವಿರಾಮ ಮೂರು ಸಲ ರಜೆ ಕೇಳಿದಾಗಲೂ "ವ್ಯಾಕರಣದ ಪುಸ್ತಕ ಮುಗಿಯೋವರೆಗೂ ರಜೆ ಅನ್ನೋ ಪದಾನೇ ಎತ್ಬೇಡ" ಎಂದಿದ್ದ ಮನುಷ್ಯ ಈಗ ಪಿಸುಗುಟ್ಟಿದರು:

"ಎಂಥಾ ಪಾಪ ಮಾಡ್ಬಿಟ್ಟೆ ನಾನು. ಹಸುಗೂಸನ್ನ ಎದೆಗೆ ಕಟ್ಕೊಂಡು ಪ್ರೂಫ್ ನೋಡೋಕೆ ಬಂದಿದ್ದೀಯಲ್ಲಯ್ಯಾ! ಹದಿನೈದು ದಿನ ರಜೆ ತಗೋ. ಎಲ್ಲಿ, ಆ ಅರ್ಜಿ ಕೊಡು."

"ಸಾರ್, ಅದು, ನಿಜ ಹೇಳಬೇಕು ಅಂದ್ರೆ..."

ಯಜಮಾನರು ಆಗಲೇ ಪೆನ್ನು ತೆಗೆದಿದ್ದರು. ಅರ್ಜಿಯ ಮೇಲೆ ಪೆನ್ನಿನ ತುದಿ ಊರಿತು. ನಿಜ ಹೇಳಬೇಕೆಂದು ತೆರೆದಿದ್ದ ಅಲ್ಪವಿರಾಮನ ಬಾಯಿ ಸಹಿ ಮುಗಿಯುವಷ್ಟರಲ್ಲಿ ತಾನಾಗಿಯೇ ಮುಚ್ಚಿಕೊಂಡಿತು. ತಪ್ಪಾಗಿದ್ದು ಅಲ್ಲೇ. ಅಲ್ಲಿಯವರೆಗೆ ಅದು ಜನರ ತಪ್ಪು ತಿಳಿವಳಿಕೆ. ಅಲ್ಲಿಂದ ಮುಂದೆ ಅವನ ಸುಳ್ಳು.

ಕೂಡಲೇ ಮನೆಗೆ ಹೊರಟಿದ್ದರೆ ಬಚಾವಾಗುತ್ತಿದ್ದ. ಆದರೆ ಹಾಗೇ ಎದ್ದು ಹೋಗಲು ಮನಸ್ಸಾಗದೆ ಬಾಕಿ ಪುಟ ತಿದ್ದಿ ಏಳುವಷ್ಟರಲ್ಲಿ ಮಧ್ಯಾಹ್ನ ಮೂರು ದಾಟಿತ್ತು; ಯಜಮಾನರು ಮಗು ಏಳದಿರಲಿ ಎಂದು ಇನ್ನೂ ಬರಿಗಾಲಲ್ಲೇ ಓಡಾಡುತ್ತಿದ್ದರು. ಅಕ್ಕ ದಾರಿಗೆ ಅಡ್ಡ ನಿಂತಳು.

"ಇಷ್ಟು ಹೊತ್ತಾಯ್ತು, ಒಂದ್ಸಲಾನೂ ಕುಂಯ್ ಅಂದಿಲ್ವಲ್ಲೋ. ಹಾಲು ಯಾವಾಗ ಕುಡಿಸಿದ್ದು?"

"ಹಾಲು, ಇಲ್ಲ, ಕುಡಿಯಲ್ಲ..."

"ಹಾಲು ಕುಡೀತಿಲ್ವಾ!" ಅಕ್ಕ ಎದೆ ಬಡಿದುಕೊಂಡಳು. "ಸಾರ್, ಮಗು ಹಾಲು ಬಿಟ್ಟಿದೆಯಂತೆ! ಅಲ್ಲಾಡ್ತಾನೂ ಇಲ್ಲ!"

ಯಜಮಾನರು ಕನ್ನಡಕ ತೆಗೆದು, ಸೊಂಟ ಬಗ್ಗಿಸಿ, ಅಲ್ಪವಿರಾಮನ ಎದೆಯ ಪಕ್ಕಕ್ಕೆ ಕಿವಿಯಿಟ್ಟರು. ಸಿಕ್ಕಿಬೀಳುವ ಭಯಕ್ಕೆ ಅವನ ಎದೆ ಡವಗುಟ್ಟುತ್ತಿತ್ತು.

"ಅಬ್ಬಬ್ಬಾ! ಮಗೂನ ಎದೆ ಕುದುರೆ ಓಡಿದ ಹಾಗೆ ಓಡ್ತಿದೆ! ಜ್ವರ ಬಂದಿರಬೇಕು, ಹಣೆ ಮುಟ್ಟಿ ನೋಡೋಣ ಇರಿ" ಎಂದು ಯಜಮಾನರು ಟೊಪ್ಪಿಗೆ ಸರಿಸಲು ಹೋದರು.

"ಬೇಡಾ ಸಾರ್!" ಎಂದು ಅಲ್ಪವಿರಾಮ ತಡವರಿಸದೆ ಕೂಗಿ ಮುಂದಕ್ಕೆ ಬಾಗಿದ. ಟೊಪ್ಪಿಗೆಯ ಎಳೆ ಗಂಟಿಗೆ ಸಿಕ್ಕಿಕೊಂಡಿತ್ತು. ಟೊಪ್ಪಿಗೆ ಯಜಮಾನರ ಕೈಗೆ ಬಂತು, ಜೊತೆಗೆ ಗಂಟೂ ಬಿಚ್ಚಿತು. ತಲೆಯಿಲ್ಲದ ಕೂಸನ್ನು ಕಂಡು ಅಕ್ಕ ಚೀರಿದಳು. ಅಂಗಿಯ ಕೊರಳಿನಿಂದ ಅಕ್ಕಿ ಸರಸರನೆ ಸುರಿದು ಯಜಮಾನರ ಬರಿಗಾಲಿನ ಮೇಲೆ ರಾಶಿ ಬಿತ್ತು.

ಯಜಮಾನರು ಬಗ್ಗಿ ಒಂದು ಹಿಡಿ ಎತ್ತಿ ನೋಡಿದರು.

"ಅಕ್ಕಿ" ಎಂದರು ಯಜಮಾನರು ಕೊನೆಗೆ. "ಮೂವತ್ತು ವರ್ಷದಿಂದ ನಿಲ್ಲದ ಮಶೀನನ್ನ ಅಕ್ಕಿಗೋಸ್ಕರ ನಿಲ್ಲಿಸಿದ್ವಿ. ಅಕ್ಕಿಗೆ ನಾನು ಹದಿನೈದು ದಿನ ರಜೆ ಕೊಟ್ಟೆ." ಅರ್ಜಿಯನ್ನು ನಾಲ್ಕು ಚೂರು ಮಾಡಿ ಅಕ್ಕಿಯ ಮೇಲೆ ಉದುರಿಸಿದರು. "ಮಗು ಹುಟ್ಟಿದ್ದಾದ್ರೂ ನಿಜಾನೋ, ಅದೂ ಬೇಳೆಯೋ?"

ಅಲ್ಪವಿರಾಮ ಏನೋ ಹೇಳಹೊರಟ. ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಹೇಳುವುದನ್ನು ಅಲ್ಲೇ ಬಿಟ್ಟು ಓಡಿದ.

ಆಸ್ಪತ್ರೆ ತಲುಪಿದಾಗ ನಾಲ್ಕಕ್ಕೆ ಎರಡು ನಿಮಿಷವಿತ್ತು. ಅತ್ತೆ ಕುರ್ಚಿಯ ಹಿಡಿಗೆ ಆಗಲೇ ಒಂದು ಕೈ ಊರಿದ್ದರು. ನರ್ಸಮ್ಮ ಅವನ ಕೈ, ಎದೆ ಎಲ್ಲಾ ಚೆನ್ನಾಗಿ ತೊಳೆಸಿದರು. ಹೊಕ್ಕುಳಿನಲ್ಲಿ ಸಿಕ್ಕ ನಾಲ್ಕು ಕಾಳು ಅಕ್ಕಿಯ ಬಗ್ಗೆ ಏನೂ ಕೇಳಲಿಲ್ಲ. ಕೂರಿಸಿ, ಮಗುವನ್ನು ತಂದು ಎದೆಯ ಮೇಲೆ ಕಪ್ಪೆಮರಿಯ ಹಾಗೆ ಮಲಗಿಸಿ, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಬಟ್ಟೆಯಿಂದ ಭದ್ರವಾಗಿ ಸುತ್ತಿದರು.

ಎಲ್ಲರೂ ಕುರ್ಚಿಯ ಸದ್ದಿಗೆ ಕಾದರು. ಕುರ್ಚಿ ಸುಮ್ಮನಿತ್ತು. ಆ ದಿನದ ನಡುಕವನ್ನೆಲ್ಲ ಅವನು ಪ್ರೆಸ್ಸಿನಲ್ಲೇ ಖರ್ಚು ಮಾಡಿ ಬಂದಿದ್ದ. ಅಕ್ಕಿಯಷ್ಟೇ ತೂಕ, ಆದರೆ ಇದು ಬೆಚ್ಚಗಿತ್ತು, ಉಸಿರಾಡುತ್ತಿತ್ತು, ಒಮ್ಮೆ ಸಣ್ಣಗೆ ಸೀನಿತು ಕೂಡ. ಬೇಳೆಕಾಳಿನಷ್ಟು ಉಗುರಿನ ಬೆರಳೊಂದು ಅವನ ಎದೆಯನ್ನು ಗೀರಿ ಅಲ್ಲೇ ನಿಂತಿತು. ಅಲ್ಪವಿರಾಮನ ಕಣ್ಣು ತುಂಬಿತು. ಅತ್ತೆ ನಿಟ್ಟುಸಿರು ಬಿಟ್ಟು ಬಳೆ ಹಾಕಿಕೊಂಡರು.

ಆಗ ಬಾಗಿಲಲ್ಲಿ ಯಜಮಾನರು ಕಾಣಿಸಿಕೊಂಡರು. ಹಿಂದೆ ಬೈಂಡಿಂಗ್ ಅಕ್ಕ. ಮಗು ನಿಜವೋ ಸುಳ್ಳೋ ಕಣ್ಣಾರೆ ನೋಡಿಯೇ ತೀರಬೇಕೆಂದು ಬಂದಿದ್ದರು. ನರ್ಸಮ್ಮ ಇಬ್ಬರ ಕೈಯನ್ನೂ ತೊಳೆಸಿ ದೂರದಿಂದ ತೋರಿಸಿದರು. ಯಜಮಾನರು ನೋಡಿದರು. ಆ ಸಣ್ಣ ಬೆನ್ನು ಉಸಿರಿಗೆ ಏರಿಳಿಯುವುದನ್ನು ನೋಡುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ತಪ್ಪಾಯ್ತು ಕಣಯ್ಯಾ. ನೀನು ಇವತ್ತಿನಿಂದ ಪ್ರೆಸ್ಸಿನ ಕಡೆ ತಲೆ ಹಾಕ್ಬೇಡ. ಹದಿನೈದಲ್ಲ, ಒಂದು ತಿಂಗಳು ಇಲ್ಲೇ ಇರು."

ಅಲ್ಪವಿರಾಮನಿಗೆ ಸ್ವರ್ಗಕ್ಕೆ ಮೂರೇ ಗೇಣು ಅನ್ನಿಸಿತು.

"ದಿನಕ್ಕೆ ಎಷ್ಟು ಹೊತ್ತು ಹೀಗೆ ಕೂರಬೇಕು ಸಿಸ್ಟರ್?" ಎಂದು ಕೇಳಿದರು ಯಜಮಾನರು.

"ಎಷ್ಟು ಹೊತ್ತಾದ್ರೆ ಅಷ್ಟು ಒಳ್ಳೇದು ಸಾರ್, ಆರು ಗಂಟೆ, ಎಂಟು ಗಂಟೆ. ಕಷ್ಟ ಏನಿಲ್ಲ" ಎಂದು ನರ್ಸಮ್ಮ ಹೆಮ್ಮೆಯಿಂದ ಸುತ್ತಿದ ಬಟ್ಟೆಯನ್ನು ತಟ್ಟಿ ತೋರಿಸಿದರು. "ಇಲ್ನೋಡಿ, ಮಗೂನ ಬಟ್ಟೆ ಹಿಡ್ಕೊಂಡಿರುತ್ತೆ. ಅಪ್ಪನ ಎರಡೂ ಕೈ ಖಾಲಿ! ಆರಾಮಾಗಿ ಓದಬಹುದು, ಬರೀಬಹುದು."

ಯಜಮಾನರು ತಟ್ಟನೆ ಕನ್ನಡಕ ಏರಿಸಿಕೊಂಡರು. ಅವರು ಅಲ್ಪವಿರಾಮನ ಎರಡು ಖಾಲಿ ಕೈಗಳನ್ನು ಮೊಟ್ಟಮೊದಲ ಬಾರಿಗೆ ನೋಡುವವರಂತೆ ನೋಡಿದರು.

ಒಂದು ಗಂಟೆಯ ನಂತರ ಅಕ್ಕ ವ್ಯಾಕರಣ ಪುಸ್ತಕದ ಮುನ್ನೂರು ಪುಟದ ಪ್ರೂಫನ್ನೂ ಎರಡು ಕೆಂಪು ಪೆನ್ನನ್ನೂ ತಂದು ಅವನ ಪಕ್ಕದ ಸ್ಟೂಲಿನ ಮೇಲಿಟ್ಟಳು.

"ಅಕ್ಕಾ, ನನಗೆ, ರಜೆ ಅಲ್ವಾ?" ಎಂದ ಅಲ್ಪವಿರಾಮ, ಮಗು ಏಳದಂತೆ ಪಿಸುಮಾತಿನಲ್ಲಿ.

"ರಜೆಯೇ ಕಣೋ. ಯಜಮಾನರಿಗಂತೂ ಖುಷಿಯೋ ಖುಷಿ" ಎಂದು ಅಕ್ಕನೂ ಪಿಸುಗುಟ್ಟಿದಳು. "ಪ್ರೆಸ್ಸಲ್ಲಿದ್ರೆ ಗಂಟೆಗೆ ನಾಲ್ಕು ಸಲ ಟೀ ಕುಡಿಯೋಕೆ ಏಳ್ತಿದ್ದ, ಇಲ್ಲಿ ಮಗು ಏಳೋವರೆಗೂ ಏಳೋ ಹಾಗೇ ಇಲ್ಲ ಅಂತಿದ್ರು."